ಸತ್ತಿದೆ ಅಂತ ಅಂಟಿಸಿಟ್ಟಿದ್ದ ಬಸವನಹುಳು

ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನವರು ಡ್ರಾಯರ್ ತುಂಬ ಸತ್ತ ಹುಳ, ಹಕ್ಕಿ, ಮೊಟ್ಟೆ ಇಟ್ಟುಕೊಂಡು ಏನು ಮಾಡುತ್ತಾರೆ, ಅದರಲ್ಲಿ ನಿಜವಾಗಲೂ ವಿಶೇಷ ಅನ್ನಿಸುವಂಥದ್ದು ಏನಾದರೂ ಇದೆಯಾ ಅಂತ ಕೇಳಿದ್ದೀರಿ. ನಾನು ಕೊಡಗಿನ ಕಾಫಿ ತೋಟದವನು. ನನ್ನ ಓಟು ಒಂದು ಬಸವನಹುಳುವಿಗೆ.

ಅದು ಈಜಿಪ್ಟಿನ ಮರಳುಗಾಡಿನ ಹುಳು. 1846ರ ಮಾರ್ಚ್‌ನಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನವರು ಅದನ್ನೂ ಅದರ ಜೊತೆಗೆ ಬಂದಿದ್ದ ಇನ್ನೊಂದನ್ನೂ ಸತ್ತಿವೆ ಅಂದುಕೊಂಡೇ ಅಂಟಿಸಿ, ಉಳಿದ ಚಿಪ್ಪುಗಳ ಸಾಲಿನಲ್ಲಿ ಇಟ್ಟುಬಿಟ್ಟರು. ನಾಲ್ಕು ವರ್ಷ ಅದು ಹಾಗೇ ಇತ್ತು. 1850ರ ಮಾರ್ಚ್‌ನಲ್ಲಿ ಯಾರೋ ಗಮನಿಸಿದರು: ಒಂದು ಚಿಪ್ಪಿನ ಪಕ್ಕದ ಕಾಗದದ ಬಣ್ಣ ಕೆಟ್ಟಿದೆ. ಚಿಪ್ಪಿನ ಬಾಯಿಗೆ ಹೊಳೆಯುವ ಪರದೆ ಬೇರೆ. ಅಂದರೆ ಹುಳು ಯಾವಾಗಲೋ ಎದ್ದು, ಹೊರಗೆ ಬಂದು, ಹೊರಡೋಕೆ ನೋಡಿದೆ. ಅಂಟು ಬಿಡಲಿಲ್ಲ. ಮತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದೆ! ಉಗುರುಬೆಚ್ಚಗಿನ ನೀರಿಗೆ ಹಾಕಿದರು, ತಲೆ ಆಚೆ ಬಂತು. ಕೂರಿಸಿಕೊಂಡು ಅದರ ಚಿತ್ರವನ್ನೂ ಬರೆಸಿದರು. ಆಮೇಲೂ ಸುಮಾರು ಎರಡು ವರ್ಷ ಬದುಕಿತ್ತು ಪುಣ್ಯಾತ್ಮ.

ಶನಿವಾರಸಂತೆ ಕಡೆಯ ತೋಟದವರಿಗೆ ಇದರಲ್ಲಿ ಅಷ್ಟೇನೂ ಆಶ್ಚರ್ಯ ಆಗಲಿಕ್ಕಿಲ್ಲ. ಅಲ್ಲಿ ಆಫ್ರಿಕನ್ ಬಸವನಹುಳುವಿನ ಕಾಟ ಜೋರು. ತೌಡು, ಬೆಲ್ಲ, ವಿಷ ಕಲಸಿ ಉಂಡೆ ಇಟ್ಟವರಿಗೆ ಗೊತ್ತು, ಬೇಸಿಗೆಯಲ್ಲಿ ಒಂದೂ ಕಾಣುವುದಿಲ್ಲ, ನಾಲ್ಕು ಮಳೆ ಬಿದ್ದರೆ ಗಿಡದ ತುಂಬ ಅವೇ. ಒಣಹವೆಯಲ್ಲಿ ಇವು ಚಿಪ್ಪಿನ ಬಾಯಿಗೆ ಲೋಳೆಯ ಪರದೆ ಕಟ್ಟಿ, ಒಳಗಿನ ತೇವ ಹೋಗದಂತೆ ಮಾಡಿಕೊಂಡು ಮಲಗುತ್ತವೆ. ಆಗ ಉಸಿರಾಟವೂ ಹಸಿವೂ ತೀರಾ ಕಮ್ಮಿ. ತಮಾಷೆ ಅಂದರೆ, ಆ ಈಜಿಪ್ಟಿನ ಹುಳು ಲಂಡನ್ನಿನಲ್ಲಿ ಮಲಗಿದ್ದ ಹೊತ್ತಿನಲ್ಲೇ, 1847ರಲ್ಲಿ, ಬೆನ್ಸನ್ ಎಂಬ ಚಿಪ್ಪು ಪ್ರೇಮಿ ಮಾರಿಷಸ್‌ನಿಂದ ಆಫ್ರಿಕನ್ ಹುಳುಗಳನ್ನು ಕಲ್ಕತ್ತೆಗೆ ತಂದು ಬಿಟ್ಟ. ಅವನ ಹವ್ಯಾಸಕ್ಕೆ ನಮ್ಮ ತೋಟದವರು ಇವತ್ತಿಗೂ ದುಡ್ಡು ಸುರಿಯುತ್ತಿದ್ದಾರೆ.

ಇನ್ನು ಮೊಟ್ಟೆ. ಸುಮ್ನೆ ಶೋಕಿಗೆ ಹಕ್ಕಿಗೂಡು ದೋಚಿದವರ ಮೇಲೆ ನನಗೆ ಗೌರವ ಇಲ್ಲ. ಆದರೂ ಅವರು ಒಂದು ಒಳ್ಳೆ ಕೆಲಸ ಮಾಡಿದ್ದರು. ಚಿಪ್ಪಿನ ಪಕ್ಕದಲ್ಲಿ ಸಣ್ಣ ತೂತು ಕೊರೆದು, ಒಳಗಿನದ್ದನ್ನು ಊದಿ ತೆಗೆದು, ಎಲ್ಲಿ, ಯಾವಾಗ ಸಿಕ್ಕಿತು ಅಂತ ಬರೆದಿಡುತ್ತಿದ್ದರು. ಬ್ರಿಟನ್ನಿನಲ್ಲಿ ಪೆರೆಗ್ರೀನ್ ಡೇಗೆಗಳು ಕೂತ ಗೂಡಲ್ಲೇ ಮೊಟ್ಟೆ ಒಡೆದುಹೋಗುತ್ತಿದ್ದಾಗ ಡೆರೆಕ್ ರಾಟ್‌ಕ್ಲಿಫ್ ಎಂಬ ವಿಜ್ಞಾನಿ ಹಳೇ ಸಂಗ್ರಹಗಳನ್ನು ತೆಗೆಸಿದರು. ಆ ತೂತಿನಿಂದ ಚಿಪ್ಪಿನ ದಪ್ಪ ಅಳೆಯುವುದು ಕಷ್ಟ. ಹಾಗಾಗಿ ಖಾಲಿ ಚಿಪ್ಪನ್ನು ತೂಗಿ, ಅದರ ಉದ್ದ-ಅಗಲಕ್ಕೆ ಹೋಲಿಸಿ ಲೆಕ್ಕ ಹಾಕಿದರು. 1940ರ ದಶಕದ ಕೊನೆಯಿಂದ ಚಿಪ್ಪು ಹಗುರ ಆಗುತ್ತಾ ಬಂದಿತ್ತು. ಡಿಡಿಟಿ ಎಂಬ ಕೀಟನಾಶಕದ ಬಳಕೆ ಜಾಸ್ತಿ ಆಗಿದ್ದೂ ಆಗಲೇ. 1967ರಲ್ಲಿ ಅವರು ಇದನ್ನು ಪ್ರಕಟಿಸಿದರು. ಮೊಟ್ಟೆ ಕೂಡಿಟ್ಟವರಿಗೆ ಡಿಡಿಟಿ ಅಂದರೆ ಏನಂತಲೇ ಗೊತ್ತಿರಲಿಲ್ಲ, ಅಲ್ವಾ?

ಎಲೆಯೂ ಹಾಗೇ. ಕಾಫಿ ಎಲೆಯ ಅಡಿಗೆ ಬೆರಳಿಟ್ಟರೆ ಕಿತ್ತಳೆ ಬಣ್ಣದ ಪುಡಿ ಹತ್ತುತ್ತದಲ್ಲ, ಆ ತುಕ್ಕು ರೋಗದ ಶಿಲೀಂಧ್ರಕ್ಕೆ 1869ರಲ್ಲಿ ಹೆಸರಿಟ್ಟವರು ಇಂಗ್ಲೆಂಡಿನ ಪಾದ್ರಿ ಬರ್ಕ್ಲಿ. ಅದೂ ಸಿಲೋನಿನಿಂದ ಕಳಿಸಿದ ಒಣ ಎಲೆಗಳನ್ನು ನೋಡಿ. ಸಿಲೋನಿನ ಕಾಫಿ ಆಮೇಲೆ ನೆಲಕಚ್ಚಿತು, ಅವರು ಟೀ ಹಿಡಿದರು.

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಹಜಾರದಲ್ಲಿ ತೂಗುವ 25 ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರ ಚೆನ್ನಾಗಿದೆ. ಫೋಟೋಗೆ ಸರಿ.

ನನ್ನ ಪ್ರಕಾರ ವಸ್ತುವಿಗೆ ಅರ್ಧ ಬೆಲೆ ಬರುವುದು ಜೊತೆಗಿರುವ ಚೀಟಿಯಿಂದ. ಹುಲಿ ಹೊಡೆದವನಿಗೆ ಮದುವೆಯ ಥರ ನರಿ ಮಂಗಲ (ಕೊಡವ ಮಾತಿನಲ್ಲಿ ನರಿ ಅಂದರೆ ಹುಲಿ) ಮಾಡುತ್ತಿದ್ದ ನಾಡು ನಮ್ಮದು. ಹಳೇ ಮನೆಗಳಲ್ಲಿ, ಬಂಗಲೆಗಳಲ್ಲಿ ಈಗಲೂ ಹುಲಿ ತಲೆ, ಕಾಟಿ ಕೊಂಬು ಕಾಣಸಿಗುತ್ತವೆ. ಎಷ್ಟೋ ಮೈಸೂರಿನ ವಾನ್ ಇಂಗನ್ ಕಾರ್ಖಾನೆಯಲ್ಲಿ ತುಂಬಿಸಿದವು. ಯಾವ ಕಾಡು, ಯಾವ ವರ್ಷ ಅಂತ ಕೇಳಿದರೆ ಮನೆಯವರು "ಅಜ್ಜನ ಕಾಲದ್ದು" ಅನ್ನುತ್ತಾರೆ, ಅಷ್ಟೇ. ಹೇಳಬಲ್ಲ ಹಿರಿಯರು ಇನ್ನೂ ಇದ್ದರೆ ಕೇಳಿ, ಒಂದು ಚೀಟಿಯಲ್ಲಿ ಬರೆದು ಹಿಂದೆ ಅಂಟಿಸಿ. ಮಾರುವ ಯೋಚನೆ ಮಾತ್ರ ಬೇಡ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಂಥದ್ದನ್ನು ಇಟ್ಟುಕೊಳ್ಳೋಕೂ ಮಾಲೀಕತ್ವದ ಸರ್ಟಿಫಿಕೇಟ್ ಬೇಕು.

ಲಂಡನ್ ದೂರ ಆಯಿತು ಅಂದರೆ ಮೈಸೂರಿನ ಕಾರಂಜಿ ಕೆರೆ ದಡದಲ್ಲೇ ಒಂದು ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಇದೆ, 1995ರಲ್ಲಿ ಶುರುವಾದದ್ದು. ಮಕ್ಕಳನ್ನು ಕರೆದುಕೊಂಡು ಹೋಗಿ.