ಇಳಿಸಿದ್ದು ದೇವರು, ಹತ್ತಿಸಿದ್ದು ಯಾರು?

ಮಂಜೇಶ್ವರ ಕಡೆಯವರು, ವಯಸ್ಸು ಐವತ್ತು ದಾಟಿದೆ, ಮೊದಲು ದುಬೈಯಲ್ಲಿದ್ದವರು. (ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ, ಅವರ ಒಪ್ಪಿಗೆಯೂ ಉಂಟು.) ನಿದ್ದೆ ಬರುದಿಲ್ಲ ಅಂತ ನನ್ನ ಹತ್ರ ಸಲಹೆ ಕೇಳ್ಲಿಕ್ಕೆ ಬಂದದ್ದು. ನಾನು ಬಿಪಿ, ಶುಗರ್, ಸಾಲ, ಮನೆ ಜಗಳ ಅಂತೆಲ್ಲ ಕೇಳಿದೆ, ಎಂತದೂ ಇಲ್ಲ. ಮೂರನೇ ಸಲ ಬಂದಾಗ ಬಾಯಿ ಬಿಟ್ಟರು.

2010 ಮೇ 22, ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತಲ್ಲ, ನಮ್ಮ ಕಾಸರಗೋಡಿನವರೇ ಎಷ್ಟೋ ಮಂದಿ ಇದ್ದರು, 166 ಜನರಲ್ಲಿ ಉಳಿದದ್ದು 8. ಆ ವಿಮಾನಕ್ಕೆ ಇವರಿಗೂ ಟಿಕೆಟ್ ಇತ್ತು. ಕೊನೇ ಗಳಿಗೆಗೆ ರಜೆ ಮುಂದೆ ಹೋಯ್ತು. ರೂಮ್‌ಮೇಟ್ ಹತ್ತಿದ, ಮನೆ ಮುಟ್ಟಲಿಲ್ಲ. ಅಲ್ಲಿಂದ ಪ್ರಾರ್ಥನಾಕೂಟ ಎಲ್ಲಿದ್ದರೂ "ಕರ್ತನು ನನ್ನನ್ನು ಆ ವಿಮಾನದಿಂದ ಇಳಿಸಿದ" ಅಂತ ಸಾಕ್ಷಿ (ದೇವರು ತನಗೆ ಮಾಡಿದ್ದನ್ನು ಎಲ್ಲರ ಮುಂದೆ ಹೇಳುದು) ಹೇಳ್ತಾ ಬಂದರು. ಕಳೆದ ವರ್ಷ ಒಂದು ಮನೆಕೂಟಕ್ಕೆ ಆ ರೂಮ್‌ಮೇಟ್‌ನ ಹೆಂಡತಿ ಬಂದಿದ್ರಂತೆ, ಮುಗಿದ ಮೇಲೆ ಚಾ ಕೊಡುವಾಗ ಮೆಲ್ಲ ಕೇಳಿದರು, "ಅಣ್ಣಾ, ನಿಮ್ಮನ್ನು ಇಳಿಸಿದ್ದು ದೇವರು, ಇವರನ್ನು ಹತ್ತಿಸಿದ್ದು ಯಾರು?"

"ಮೇಡಂ, ಇಷ್ಟು ವರ್ಷ ನಾನು ಹೇಳಿದ್ದು ಸುಳ್ಳಾ?"

ನಾನು ಪಾದ್ರಿ ಅಲ್ಲ ಮಾರಾಯ್ರೆ, ಚರ್ಚಿನಲ್ಲಿ ಬೆಳೆದವಳು ಅಷ್ಟೆ. 'ಎಲ್ಲಾ ದೇವರ ಚಿತ್ತ' ಅಂತ ಸಾವಿನ ಮನೆಯಲ್ಲಿ ಹೇಳಿ ಎದ್ದು ಹೋಗುವವರನ್ನು ಕಂಡರೆ ನನಗೆ ಸಿಟ್ಟೇ ಬರ್ತದೆ. ಹಾಗಂತ ದೇವರಿಗೂ ಇದಕ್ಕೂ ಸಂಬಂಧ ಇಲ್ಲ ಅಂದುಬಿಟ್ರೆ ಇವರಿಗೆ ಕಾಲಡಿಯ ನೆಲವೇ ಹೋಗ್ತದೆ. ಹಾಗೆ ಒಟ್ಟಿಗೆ ಕೂತು ಬೈಬಲಿನ ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ ಓದಿದೆವು. ರಾಜ ಹೆರೋದ ಯೇಸುವಿನ ಶಿಷ್ಯ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ, ಒಂದೇ ವಚನದಲ್ಲಿ ಮುಗೀತು. ಇನ್ನೊಬ್ಬ ಶಿಷ್ಯ ಪೇತ್ರನನ್ನು ಮಾತ್ರ ದೇವರ ದೂತ ಬಂದು ಸೆರೆಮನೆಯಿಂದ ಹೊರಗೆ ಕರಕೊಂಡು ಹೋಗ್ತಾನೆ, ಅದು ಉದ್ದ ಕಥೆ. ಇಬ್ಬರೂ ಯೇಸುವಿಗೆ ಹತ್ತಿರದವರೇ, ಒಬ್ಬನನ್ನು ಬಿಡಿಸಿ ಇನ್ನೊಬ್ಬನನ್ನು ಯಾಕಿಲ್ಲ ಅಂತ ಅಲ್ಲಿ ಬರೆದಿಲ್ಲ. "ಯಾಕೋಬನ ಅಮ್ಮ ಆಗ ಬದುಕಿದ್ದರೆ ಪೇತ್ರನ ಸಾಕ್ಷಿ ಅವರಿಗೆ ಹೇಗೆ ಕೇಳಿಸ್ತಿತ್ತು?" ಅಂದೆ. ತುಂಬ ಹೊತ್ತು ಮಾತಾಡ್ಲಿಲ್ಲ.

ಜೆರುಸಲೇಮಿನ ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿ ಬೇರೆಯವರಿಗಿಂತ ಹೆಚ್ಚು ಪಾಪಿಗಳಲ್ಲ ಅಂತ ಯೇಸುವೇ ಹೇಳಿದ್ದಲ್ವಾ, ಹಾಗಾದ್ರೆ ಉಳಿದವರೂ ಹೆಚ್ಚು ಪ್ರಿಯರು ಅಂತ ಆಗುದಿಲ್ಲ. ಯೇಸು ಹೇಳಿದ ಗುಬ್ಬಿಯ ಮಾತೂ ಹಾಗೇ, ಮತ್ತಾಯನ ಸುವಾರ್ತೆ 10ರಲ್ಲಿ ಗುಬ್ಬಿ ಬೀಳುದೇ ಇಲ್ಲ ಅಂತ ಇಲ್ಲ, ತಂದೆಯಾದ ದೇವರನ್ನು ಬಿಟ್ಟು ಒಂಟಿಯಾಗಿ ಬೀಳುದಿಲ್ಲ ಅಂತ. ವಿಮಾನದ ತನಿಖೆಯಲ್ಲಿ, ಇಳಿಯುವ ಕ್ರಮ ತಪ್ಪಿದ್ದು ಗೊತ್ತಾದ್ರೂ ಮತ್ತೆ ಮೇಲೆ ಹಾರಿಸಲಿಲ್ಲ ಅಂತಲೇ ಬಂದದ್ದು, ಮನುಷ್ಯರ ಆ ತಪ್ಪನ್ನು ಪೂರಾ ದೇವರ ತಲೆಗೆ ಕಟ್ಟಬೇಡಿ ಅಂದೆ.

ಸಲಹೆ ಹೆಚ್ಚೇನಿಲ್ಲ. ಕೂಟದಲ್ಲಿ ಆ ಸಾಕ್ಷಿ ಸದ್ಯಕ್ಕೆ ಬೇಡ, ಉಪಕಾರಸ್ತುತಿ ಮನೆಯೊಳಗೆ ಇರಲಿ. ಮುಂದೆ ಹೇಳಬೇಕು ಅನಿಸಿದರೆ ಸ್ನೇಹಿತನ ಹೆಸರೂ ಹೇಳಿ, 'ಯಾಕೆ ಅಂತ ನನಗೆ ಗೊತ್ತಿಲ್ಲ' ಅಂತಲೂ ಹೇಳಿ. ನಿದ್ದೆಗೆ ಸೈಕಿಯಾಟ್ರಿಸ್ಟ್ ಹತ್ರ ಕಳಿಸಿದೆ, ಮಾತ್ರೆ ತಿಂದ್ರೆ ಅಪನಂಬಿಕೆ ಆಗ್ತದಾ ಅಂತ ಹಿಂಜರಿದರು, ನಿಮ್ಮ ರಜೆ ಮುಂದೆ ಹಾಕಿದ್ದೂ ಯಾವುದೋ ಆಫೀಸಿನ ಗುಮಾಸ್ತನೇ ಅಲ್ವಾ, ಅವನ ಕೈಯಿಂದ ದೇವರು ಕೆಲಸ ಮಾಡಿಸ್ಬಹುದಾದ್ರೆ ಡಾಕ್ಟರ ಕೈಯಿಂದ ಆಗ್ಲಿಕ್ಕಿಲ್ವಾ ಅಂದೆ, ನಕ್ಕರು. ಮತ್ತೆ ಆ ಹೆಂಗಸಿನ ಮನೆಗೆ ಹೋಗಿ, ವಚನ ಕೊಂಡೋಗಬೇಡಿ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಅಂದೆ.

ಹೋದರಂತೆ. ದೇವರ ವಿಷಯ ಆ ಹೆಂಗಸು ಎತ್ತಲೇ ಇಲ್ಲ. ಕೊನೇ ರಾತ್ರಿ ರೂಮಿನಲ್ಲಿ ಗಂಡ ಎಂತ ತಿಂದರು, ಪೆಟ್ಟಿಗೆ ಯಾರು ಕಟ್ಟಿದ್ದು, ಮಗಳಿಗೆ ಎಂತ ತೆಗೊಂಡಿದ್ರು ಅಂತ ಕೇಳಿದ್ದು. ಇಷ್ಟು ವರ್ಷ ಅದನ್ನು ಅವರಿಗೆ ಹೇಳಿದವರೇ ಇರಲಿಲ್ಲ.