ಬೀರುವಿನಲ್ಲೇ ಉಳಿದ ಫೈಲು

ದತ್ತು ಮಗುವಿನ ಹುಟ್ಟಿನ ವಿವರ ಡಾಕ್ಟರಿಗೂ ಮುಚ್ಚಿಡುವಂಥದ್ದು ನನ್ನ ಹತ್ತಿರ ಬಂದಿದ್ದು ಇದೇ ಮೊದಲಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಚಿಕ್ಕಬಳ್ಳಾಪುರದ ಕಡೆಯ ದಂಪತಿ, ದ್ರಾಕ್ಷಿ ತೋಟ ಇದೆ. ಹೆಣ್ಣುಮಗುವನ್ನು ದತ್ತು ತಗೊಂಡಿದ್ದಾರೆ. ದತ್ತುಪೂರ್ವ ಪೋಷಣೆಗೆ, ಅಂದರೆ ದತ್ತು ಆದೇಶ ಬರುವ ಮುಂಚೆ ಮನೆಯಲ್ಲಿಟ್ಟುಕೊಳ್ಳೋಕೆ ಅಂತ, ಬಂದಾಗ ಅವಳಿಗೆ 1 ವರ್ಷ 7 ತಿಂಗಳು. ಈಗ ಎರಡು ದಾಟಿದೆ, ದತ್ತು ಆದೇಶವೂ ಬಂದಿದೆ. ಮಾತು ಬಂದಿಲ್ಲ. ಆದರೆ ಅವರ ದೂರು ಬೇರೆ. ದಿಂಬಿನ ಕೆಳಗೆ ರಸ್ಕಿನ ಚೂರು ಬಚ್ಚಿಡುತ್ತಾಳೆ, ಕಿತ್ತುಕೊಂಡರೆ ಕಿರುಚುತ್ತಾಳೆ. ಕಿತ್ತುಕೊಳ್ಳಬೇಡಿ, ಅವಳ ಕೈಗೆಟುಕುವ ಕಡೆ ಒಂದು ಡಬ್ಬಿ ತುಂಬಿಸಿಡಿ ಅಂದೆ. ಹಸಿವಿನ ಭಯ ನಿಧಾನಕ್ಕೆ ಹೋಗುತ್ತೆ.

ಮಾತಿನ ವಿಷಯ ನಾನೇ ಎತ್ತಿದೆ.

"ಡಾಕ್ಟರಿಗೆ ತೋರಿಸಿದೀವಿ ಮೇಡಂ. ಕೆಲವು ಮಕ್ಕಳು ಲೇಟು, ಕಾಯೋಣ ಅಂದ್ರು."

"ಹುಟ್ಟಿದಾಗ ತೂಕ ಎಷ್ಟು ಅಂತ ಕೇಳಲಿಲ್ವಾ?"

ಆಕೆ ಗಂಡನ ಮುಖ ನೋಡಿದರು. "ಕೇಳಿದ್ರು. ಹೊರಗೆ ನಮ್ಮ ಬೀದಿಯವರೇ ಕೂತಿದ್ರು. ದತ್ತು ಅಂತ ಗೊತ್ತಾಗಬಾರದು ಅಂತ ಮೂರು ಕೇಜಿ, ನಾರ್ಮಲ್ ಡೆಲಿವರಿ ಅಂದ್ಬಿಟ್ಟೆ. ಇವರೂ ಮಾತಾಡಿದ್ದು ಮೂರು ವರ್ಷಕ್ಕೇ ಅಂತ ನಮ್ಮತ್ತೆ ಸೇರಿಸಿದ್ರು."

ಗಂಡನಿಗೆ ನಗು ಬಂತು. ನನಗೆ ಬರಲಿಲ್ಲ.

ಬೀರುವಿನಲ್ಲಿದ್ದ ಫೈಲು ತರಿಸಿದೆ. ದತ್ತು ಕೊಡುವಾಗಲೇ ಕೊಟ್ಟಿದ್ದ ವೈದ್ಯಕೀಯ ವರದಿಯಲ್ಲಿ ಎಲ್ಲ ಇತ್ತು: 33 ವಾರಕ್ಕೆ ಹೆರಿಗೆ, 1,600 ಗ್ರಾಂ, ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿ 19 ದಿನ. ಡಾಕ್ಟರನ್ನು ದೂರೋಕಾಗಲ್ಲ. ಅವರು ಸಲಹೆ ಕೊಟ್ಟಿದ್ದು ಮೂರು ಕೇಜಿ ಇದ್ದ, ಅಪ್ಪನ ಹಾಗೆ ತಡವಾಗಿ ಮಾತಾಡೋ ಮಗುವಿಗೆ. ಅಂಥ ಮಗು ಆ ಮನೆಯಲ್ಲಿ ಇರಲೇ ಇಲ್ಲ ಅಲ್ವಾ? ದಿನ ತುಂಬದೆ ಹುಟ್ಟಿ ಎನ್‌ಐಸಿಯುನಲ್ಲಿದ್ದ ಮಗುವಿಗೆ ಮಾತು ಬರದಿದ್ದರೆ ಮೊದಲು ನೋಡಬೇಕಾದ್ದು ಕಿವಿ.

ಹೀಗೆ ಹೇಳಿದೆ: ನೀವಿಬ್ಬರೇ ಮಗೂನ ಕರ್ಕೊಂಡು ಹೋಗಿ, ಫೈಲಿನ ಝೆರಾಕ್ಸ್ ಕೊಟ್ಟು ನಿಜ ಹೇಳಿ. ಕಿವಿಗೆ ಬೇರಾ (ಶಬ್ದಕ್ಕೆ ಕಿವಿಯ ನರ, ಮೆದುಳು ಸ್ಪಂದಿಸುತ್ತಾ ಅಂತ ನೋಡುವ) ಪರೀಕ್ಷೆ ಬೇಕಾ, ಕಣ್ಣೂ ತೋರಿಸಬೇಕಾ ಅಂತ ಕೇಳಿ. ಕಾರ್ಡಲ್ಲಿ ಬರೆದಿರದ ಲಸಿಕೆ ಹಾಕಿಸಿಲ್ಲ ಅಂತಲೇ ಲೆಕ್ಕ. ಖರ್ಚಿನ ಚಿಂತೆಯಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆ ಬೇಗ ಗುರುತಿಸಿ ನೆರವಾಗುವ ಜಿಲ್ಲಾ ಕೇಂದ್ರ) ವಿಚಾರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಪಾಸಣೆ, ಚಿಕಿತ್ಸೆ ಉಚಿತ.

ಮನೆಯ ಗುಟ್ಟು ಹೊರಹಾಕಿಸಿದೆ ಅಂತ ಅತ್ತೆಗೆ ನನ್ನ ಮೇಲೆ ಸಿಟ್ಟು. ಇರಲಿ. ಊರಿಗೆಲ್ಲ ಸಾರಿ ಅಂತ ನಾನು ಹೇಳಿಲ್ಲ. ಡಾಕ್ಟರಿಗೆ ಹೇಳಿದ್ದು ಅವರ ರೂಮಿನಿಂದ ಹೊರಗೆ ಹೋಗಬಾರದು, ಅದು ಅವರ ವೃತ್ತಿಯ ನಿಯಮ. ದತ್ತು ಆದ ಮೇಲೆ ಮಗು ಹೇಗಿದೆ ಅಂತ ನೋಡೋಕೆ ಆರು ತಿಂಗಳಿಗೊಮ್ಮೆ ಮನೆಗೆ ಬರುವ ಸಮಾಜ ಕಾರ್ಯಕರ್ತೆಗೂ "ಎಲ್ಲ ಚೆನ್ನಾಗಿದೆ" ಅಂತಲೇ ಹೇಳಿದ್ದರಂತೆ. ಮಗುವಿನ ಮಾನ ಕಾಪಾಡೋಕೆ ಹೇಳಿದ ಸುಳ್ಳು ಮಗುವಿಗೇ ಪೆಟ್ಟು ಕೊಡುತ್ತೆ ಅಂದರೆ ಜನ ಒಪ್ಪಲ್ಲ. ಒಪ್ಪಲಿ ಬಿಡಲಿ, ನಾನು ಹೇಳೋದು ಬಿಡಲ್ಲ.

ಹೊರಡುವಾಗ ಆಕೆ ಬಾಗಿಲಲ್ಲಿ ನಿಂತರು. "ಮನೇಲಿ ಯಾರಿಗಾದ್ರೂ ಕಾಯಿಲೆ ಇತ್ತಾ ಅಂತ ಕೇಳ್ತಾರಲ್ಲ ಮೇಡಂ, ಏನು ಹೇಳ್ಲಿ?"

"ಗೊತ್ತಿಲ್ಲ ಅನ್ನಿ."

"ಅಷ್ಟೇನಾ?"

"ಅಷ್ಟೇ."

ಪರೀಕ್ಷೆಯಲ್ಲಿ ಎರಡೂ ಕಿವಿ ಮಂದ ಅಂತ ಬಂತು. ಈಗ ಮಿಷನ್ ಹಾಕಿದ್ದಾರೆ, ವಾರಕ್ಕೊಮ್ಮೆ ಸ್ಪೀಚ್ ಥೆರಪಿ. ರಾತ್ರಿ ಮಿಷನ್ ತೆಗೆದಿಟ್ಟರೆ ಅದನ್ನೂ ರಸ್ಕಿನ ಜೊತೆ ದಿಂಬಿನ ಕೆಳಗೆ ಸೇರಿಸುತ್ತಾಳಂತೆ.