ತನ್ನನ್ನು ತಾನೇ ಹಳಿದುಕೊಳ್ಳುವುದು

ಓದುಗರ ಪ್ರಶ್ನೆ: ಕಳೆದ ಸಂಚಿಕೆಯ ಕಥೆಯಲ್ಲಿ ‘ಅವಳು ತನ್ನನ್ನು ತಾನೇ ಹಳಿದುಕೊಂಡಳು’ ಎಂದಿದೆ. ‘ಪಶ್ಚಾತ್ತಾಪಪಟ್ಟಳು’ ಎಂಬ ಗಂಭೀರ ಪದವಿರುವಾಗ ಈ ಒರಟು ಮಾತೇಕೆ? ‘ಹಳಿದುಕೊಂಡಳು’ ಎಂದ ಮೇಲೆ ‘ತನ್ನನ್ನು ತಾನೇ’ ಎಂಬುದು ಪುನರುಕ್ತಿಯಲ್ಲವೇ?

ಸಂಪಾದಕರ ಉತ್ತರ: ಒಂದು ಕ್ರಿಯಾಪದದ ಸಲುವಾಗಿ ಪತ್ರ ಬರೆಯುವ ಓದುಗರು ಇನ್ನೂ ಇದ್ದಾರೆಂಬುದೇ ನನಗೆ ಸಂತೋಷ. ಪಶ್ಚಾತ್ತಾಪ ಘನವಾದ ಪದವೆಂಬುದನ್ನು ಒಪ್ಪುತ್ತೇನೆ. ಪಶ್ಚಾತ್ ಎಂದರೆ ಆಮೇಲೆ, ತಾಪವೆಂದರೆ ಬೇಗೆ. ಆದರೆ ಬೇಗೆ ತಾನಾಗಿ ತಟ್ಟುವಂಥದು, ಹಳಿಯುವುದು ನಾಲಗೆಯ ಕೆಲಸ. ಹಳಿದುಕೊಳ್ಳುವವಳು ತನ್ನೆದುರು ತಾನೇ ನಿಂತು ‘ನಿನ್ನ ಬುದ್ಧಿ ಎಲ್ಲಿ ಹೋಗಿತ್ತು’ ಎಂದು ಕೇಳುತ್ತಾಳೆ. ಅದಕ್ಕೆ ಅವಳು ತಪ್ಪು ಮಾಡಿರಲೇಬೇಕೆಂದೂ ಇಲ್ಲ. ನಮ್ಮ ಕಥೆಯ ತಾಯಿ ಮಾಡಿದ್ದೇನು? ಮಗುವಿಗೆ ಜ್ವರವೇರಿದ ರಾತ್ರಿ, ಎರಡು ದಿನ ಎಚ್ಚರವಿದ್ದು ಬಳಲಿ, ಗಳಿಗೆ ಹೊತ್ತು ಕಣ್ಣು ಮುಚ್ಚಿದಳು. ಅದಕ್ಕೆ ಪಶ್ಚಾತ್ತಾಪವೆಂದು ಬರೆದಿದ್ದರೆ ಕಥೆಗಾರ್ತಿಯೇ ಅವಳನ್ನು ಅಪರಾಧಿಯೆಂದು ತೀರ್ಪಿತ್ತಂತಾಗುತ್ತಿತ್ತು.

ಇನ್ನು ಒರಟುತನದ ಆಕ್ಷೇಪ. ಹಳಗನ್ನಡದ ‘ಪೞಿ’ಯೇ ಇಂದಿನ ‘ಹಳಿ’; ಅದರ ಒಡಹುಟ್ಟು ತಮಿಳಿನಲ್ಲಿ ಇಂದಿಗೂ ನಿಂದೆಯೆಂಬ ಅರ್ಥದಲ್ಲಿ ಬಳಕೆಯಲ್ಲಿದೆ. 12ನೆಯ ಶತಮಾನದಲ್ಲಿ ಬಸವಣ್ಣನವರು ‘ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ’ ಎಂದರು. ತನ್ನನ್ನು ಹಳಿದುಕೊಳ್ಳಬೇಡವೆಂದು ಅಲ್ಲಿ ಹೇಳಿಲ್ಲವೆಂಬುದನ್ನು ಗಮನಿಸಿ.

ಪುನರುಕ್ತಿಯೂ ಅಲ್ಲ. ‘ಕೊಳ್ಳು’ ಸೇರಿದ ಮಾತ್ರಕ್ಕೆ ಕ್ರಿಯೆ ತನ್ನ ಕಡೆಗೇ ತಿರುಗುವುದಿಲ್ಲ. ‘ಸೊಸೆಯನ್ನು ಬೈದುಕೊಂಡು ಓಡಾಡಿದಳು’ ಎಂಬಲ್ಲಿ ಬೈಸಿಕೊಂಡವಳು ಸೊಸೆಯೇ.

ಕರಡು ತಿದ್ದುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ತಲೆಬರಹವೊಂದರಲ್ಲಿ ‘ಪಶ್ಚಾತಾಪ’ ಎಂದು ಅಚ್ಚಾಗಲು ಬಿಟ್ಟಿದ್ದೆ. ‘ಒಂದು ತಕಾರ ನುಂಗಿದರೆ ತಾಪ ಕಡಿಮೆಯಾಗುತ್ತದೇನಯ್ಯಾ?’ ಎಂದಷ್ಟೇ ಹಿರಿಯರೊಬ್ಬರು ಕೇಳಿದರು. ಅಂದು ಮನೆ ಮುಟ್ಟುವವರೆಗೂ ನನ್ನನ್ನು ನಾನು ಹಳಿದುಕೊಂಡ ಪರಿಯನ್ನು ಇನ್ನಾವ ಪದವೂ ಹೇಳಲಾರದು.

ಈಗಿನ ಬರಹಗಾರರು ಇದೆಲ್ಲದಕ್ಕೂ ‘ಪಾಪಪ್ರಜ್ಞೆ’ ಎಂಬ ಒಂದೇ ಮುದ್ರೆಯೊತ್ತುತ್ತಾರೆ. ವೇದಿಕೆಯ ಮೇಲಿನವರಿಗಂತೂ ಅದೂ ಬೇಡ; ‘ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದಲ್ಲಿ ವಿಷಾದಿಸುತ್ತೇನೆ’ ಎಂಬ ವಾಕ್ಯದಲ್ಲಿ ನೋವು ತಾನಾಗಿ ಆಗುತ್ತದೆ, ನೋಯಿಸಿದವನು ಸಿಗುವುದಿಲ್ಲ. ‘ತಪ್ಪು ಮಾಡಿದೆ’ ಎನ್ನಬೇಕಾದಲ್ಲಿ ‘ತಪ್ಪಾಗಿದೆ’ ಎಂದು ನುಣುಚಿಕೊಳ್ಳುವವರಿಗೆ ಹಳಿದುಕೊಳ್ಳುವ ಕ್ರಿಯಾಪದ ಒರಟಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ. ನೀವು ಆ ಸಾಲಿಗೆ ಸೇರಿದವರಲ್ಲ ಎಂದುಕೊಂಡಿದ್ದೇನೆ.

ಕಥೆಯ ಸಾಲು ಇದ್ದಂತೆಯೇ ಇರಲಿ. ನಿಮ್ಮ ಪತ್ರದಲ್ಲಿಯೂ ಪಶ್ಚಾತ್ತಾಪದ ತಕಾರವೊಂದು ಬಿಟ್ಟುಹೋಗಿತ್ತು. ಅಚ್ಚಿಗೆ ಕಳುಹಿಸುವ ಮುನ್ನ ಸೇರಿಸಿದ್ದೇನೆ.